ಕಂಪ್ಯೂಟರ್ ಸೈನ್ಸ್ ಜೊತೆ ಮಿದುಳನ್ನೂ ಓದಬಹುದಾ?

ಸೆಕೆಂಡ್ ಪಿಯು ಮುಗಿದಿದೆ, ಮನೆಯಲ್ಲಿ ಕಂಪ್ಯೂಟರ್ ಸೈನ್ಸ್ ಅಂತಾರೆ, ನನಗೆ ಮಿದುಳು ಮತ್ತು ವರ್ತನೆ ಓದಬೇಕು, ಎರಡೂ ಒಟ್ಟಿಗೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ನಾನು 2021ರಲ್ಲಿ ಬೆಂಗಳೂರಿನ ಕಾಲೇಜೊಂದರಲ್ಲಿ ಸೈಕಾಲಜಿ, ಕಂಪ್ಯೂಟರ್ ಸೈನ್ಸ್ ಎರಡನ್ನೂ ಮೇಜರ್ ಮಾಡಿಕೊಂಡು ಸೇರಿದೆ. ಆಗ ಎನ್‌ಇಪಿ (ನಾಲ್ಕು ವರ್ಷದ ಡಿಗ್ರಿ ತಂದ ರಾಷ್ಟ್ರೀಯ ಶಿಕ್ಷಣ ನೀತಿ) ಇತ್ತು. 2024ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ, ಕಾಂಬಿನೇಷನ್ ಏನೇನಿದೆ ಅಂತ ಕಾಲೇಜಿನ ಆಫೀಸಲ್ಲೇ ಕೇಳಿಕೊಳ್ಳಿ.

ಪ್ರಾಸ್ಪೆಕ್ಟಸ್‌ನಲ್ಲಿ ‘ನ್ಯೂರೋಸೈನ್ಸ್’ (ಮಿದುಳು, ನರಗಳ ವಿಜ್ಞಾನ) ಅನ್ನೋ ಹೆಸರಿಲ್ಲ ಅಂತ ಬೇಸರ ಬೇಡ. ಇಲ್ಲಿ ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಕಟ್ಟಿದ ಒಬೈದ್ ಸಿದ್ದಿಕಿ ಅವರು ಸೂಕ್ಷ್ಮಜೀವಿಗಳ ಜೆನೆಟಿಕ್ಸ್‌ನಿಂದ ಬಂದವರು. ಹಣ್ಣುನೊಣ ವಾಸನೆಯನ್ನು ಹೇಗೆ ಗುರುತು ಹಿಡಿಯುತ್ತೆ ಅನ್ನೋದರ ಬೆನ್ನು ಹತ್ತಿದ್ದು ಆಮೇಲೆ.

ನನಗೆ ಎರಡು ವಿಷಯವೂ ಒಂದೇ ಅನಿಸಿದ ದಿನ ಚೆನ್ನಾಗಿ ನೆನಪಿದೆ. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಅನ್ನೋ ವಿಜ್ಞಾನಿಗಳು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರದ ಎಳೆಯ ಮೇಲೆ ಕೆಲಸ ಮಾಡಿ 1952ರಲ್ಲಿ ಪ್ರಕಟಿಸಿದ, ನರದಲ್ಲಿ ವಿದ್ಯುತ್ ಸಂಕೇತ ಹೇಗೆ ಹುಟ್ಟುತ್ತೆ ಅಂತ ಹೇಳುವ ನಾಲ್ಕು ಸಮೀಕರಣಗಳನ್ನು ಪೈಥಾನ್‌ನಲ್ಲಿ ಬರೆಯುತ್ತಿದ್ದೆ. ಪಿಯುನಲ್ಲಿ ಪರೀಕ್ಷೆಗೆಂದು ಉರು ಹೊಡೆದಿದ್ದ ಡಿಫರೆನ್ಷಿಯಲ್ ಈಕ್ವೇಷನ್‌ಗಳೇ. ಕರೆಂಟ್ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದೆ. ಪ್ರತಿ ಸಲ ಸ್ಕ್ರೀನಿನ ಮೇಲೆ ನರದ ವೋಲ್ಟೇಜ್ ತೋರಿಸುವ ಗೆರೆ ಒಂಚೂರು ಉಬ್ಬಿ ಮತ್ತೆ ಮಲಗುತ್ತಿತ್ತು. ಇನ್ನೊಂದು ಚೂರು ಏರಿಸಿದ್ದೇ ತಡ, ಮೈನಸ್ 65 ಮಿಲಿವೋಲ್ಟ್‌ನಲ್ಲಿದ್ದ ಗೆರೆ ಸೊನ್ನೆ ದಾಟಿ ಮೇಲಕ್ಕೆ ಚಿಮ್ಮಿತು. ರಾತ್ರಿ ಹನ್ನೊಂದೂವರೆಗೆ ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಕಷ್ಟವನ್ನೂ ಹೇಳಬೇಕು. ಮೂರನೇ ಸೆಮಿಸ್ಟರಿನಲ್ಲಿ ಎರಡೂ ಪ್ರಾಕ್ಟಿಕಲ್ ಒಂದೇ ಮಧ್ಯಾಹ್ನ ಬಿದ್ದವು. ಕಾಲೇಜಿನವರು ‘ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದರು. ಅಟೆಂಡೆನ್ಸ್ ಶಾರ್ಟೇಜ್ ಆಗಿ ಒಂದು ಪೇಪರ್ ಉಳಿದುಹೋಯಿತು, ತುಂಬಾ ಅತ್ತೆ. ಫೀಸ್ ಕಟ್ಟುವ ಮುಂಚೆ ಹಿಂದಿನ ವರ್ಷದ ಟೈಮ್‌ಟೇಬಲ್ ಕೇಳಿ ನೋಡಿ.

ಇನ್ನು ವರ್ತನೆ. ಕೋಡ್ ಬರೆಯುವವರು ಇದನ್ನೇ ಕಡೆಗಣಿಸುತ್ತಾರೆ, ನಾನೂ ಕಡೆಗಣಿಸಿದ್ದೆ. ಐಐಎಸ್‌ಸಿಯ ರಾಘವೇಂದ್ರ ಗದಗ್ಕರ್ ಅವರು ದಶಕಗಳ ಕಾಲ ಕಣಜದ ಹುಳುಗಳ ಗೂಡುಗಳ ಮುಂದೆ ಕೂತು ಕಂಡುಕೊಂಡಿದ್ದನ್ನು ಓದಿದ ಮೇಲೆ ಕಣ್ಣು ತೆರೆಯಿತು. ಒಂದೊಂದು ಹುಳುವಿಗೂ ಬಣ್ಣದ ಚುಕ್ಕೆ ಇಟ್ಟು ಗುರುತಿಸುತ್ತಾರೆ. ರಾಣಿಯನ್ನು ತೆಗೆದರೆ ಕೆಲಸಗಾರ ಹುಳುಗಳಲ್ಲಿ ಒಂದು ಇದ್ದಕ್ಕಿದ್ದಂತೆ ಎಲ್ಲರ ಮೇಲೂ ಎಗರಾಡಲು ಶುರುಮಾಡುತ್ತೆ. ಅದೇ ಮುಂದಿನ ರಾಣಿ. ನಮ್ಮನೆ ಸಜ್ಜೆಯ ಕೆಳಗೂ ಒಂದು ಗೂಡಿತ್ತು. ದಿನಾ ಅರ್ಧ ಗಂಟೆ ನೋಟ್‌ಬುಕ್ ಹಿಡಿದು ಕೂತೆ. ಮೊದಲೆರಡು ದಿನ ಎಲ್ಲವೂ ಒಂದೇ ಥರ ಕಂಡವು. ನಾಲ್ಕನೇ ದಿನ ರೆಕ್ಕೆಯ ತುದಿ ಹರಿದ ಹುಳು ಒಂದು ಗುರುತಾಯಿತು: ಅದು ಹೊರಗಿಂದ ಬಂದಾಗಲೆಲ್ಲ ಇನ್ನೊಂದು ಎದುರುಹೋಗಿ ಅದರ ಬಾಯಲ್ಲಿದ್ದ ತುತ್ತನ್ನು ತೆಗೆದುಕೊಳ್ಳುತ್ತಿತ್ತು. ಹೀಗೆ ನೋಡಿ ಬರೆದಿಟ್ಟುಕೊಂಡ ಮೇಲೆಯೇ ನನ್ನ ಕೋಡ್‌ಗೆ ಏನು ಕೇಳಬೇಕು ಅಂತ ಗೊತ್ತಾಗಿದ್ದು.

ಮನೆಯವರನ್ನು ಮಾತಲ್ಲಿ ಒಪ್ಪಿಸುವುದಕ್ಕಿಂತ ಒಮ್ಮೆ ನಿಮ್ಹಾನ್ಸ್‌ನ ಬ್ರೈನ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಗ್ಲೌಸ್ ಹಾಕಿಕೊಂಡು ಮಿದುಳನ್ನು ಕೈಯಲ್ಲಿ ಹಿಡಿಯಬಹುದು. ನಮ್ಮಮ್ಮ ಹಿಡಿದುಕೊಂಡು ‘ಇಷ್ಟೇನಾ?’ ಅಂದರು. ಆಮೇಲೆ ವಾಪಸ್ ಕೊಡೋಕೆ ಮನಸ್ಸಿಲ್ಲದೆ ಸುಮಾರು ಹೊತ್ತು ಹಾಗೇ ನಿಂತಿದ್ದರು.