ಥೈಲ್ಯಾಂಡ್-ಕಾಂಬೋಡಿಯಾ ಹೊಡೆದಾಡ್ತಿರೋದು ನಿಜವಾಗ್ಲೂ ಶಿವನ ದೇವಸ್ಥಾನಕ್ಕಾ? ಇತಿಹಾಸದ ಪ್ರಕಾರ ಆ ಜಾಗ ಯಾರದ್ದು?

ದೇವಸ್ಥಾನ ಶಿವಂದೇ, ಆದ್ರೆ ಜಗಳ ಧರ್ಮದ್ದಲ್ಲ. ಎರಡೂ ದೇಶದಲ್ಲಿ ಹೆಚ್ಚುಕಮ್ಮಿ ಎಲ್ಲರೂ ಬೌದ್ಧರೇ, ಹಾಗಾಗಿ "ಹಿಂದೂ ದೇವಾಲಯಕ್ಕಾಗಿ ಯುದ್ಧ" ಅಂತ ವಾಟ್ಸಾಪ್‌ನಲ್ಲಿ ಬರೋದನ್ನ ನಂಬಬೇಡಿ. ಜಗಳ ಇರೋದು ನೂರು ವರ್ಷಕ್ಕೂ ಹಳೇದಾದ ಒಂದು ಮ್ಯಾಪ್ ಬಗ್ಗೆ.

ಎರಡೂ ದೇಶದ ಗಡಿಯಲ್ಲಿರೋ ಡಾಂಗ್ರೆಕ್ ಬೆಟ್ಟಸಾಲಿನ ತುದೀಲಿ, ಐನೂರು ಮೀಟರ್‌ಗೂ ಎತ್ತರದ ಬಂಡೆ ಮೇಲೆ ಪ್ರೀಹ್ ವಿಹಾರ್ ಅನ್ನೋ ಆ ದೇವಸ್ಥಾನ ಇದೆ. ಖ್ಮೇರ್ ರಾಜರು (ಕಾಂಬೋಡಿಯಾದವರ ಪೂರ್ವಿಕರು) ಶಿಖರೇಶ್ವರ, ಅಂದ್ರೆ ಶಿವನಿಗೆ ಕಟ್ಟಿಸಿದ್ದು. ಥೈಲ್ಯಾಂಡ್ ಕಡೆಯಿಂದ ಆರಾಮಾಗಿ ನಡ್ಕೊಂಡು ಹತ್ತಬಹುದು, ಕಾಂಬೋಡಿಯಾ ಕಡೆ ಕಡಿದಾದ ಪ್ರಪಾತ. ನೆಲ ನೋಡಿದ್ರೆ ಥಾಯ್‌ಗಳು ಯಾಕೆ ನಮ್ದು ಅಂತಾರೆ ಅಂತ ಯಾರಿಗಾದ್ರೂ ಗೊತ್ತಾಗತ್ತೆ.

1904ರಲ್ಲಿ ಫ್ರಾನ್ಸ್ (ಆಗ ಕಾಂಬೋಡಿಯಾ ಅವರ ಕೈಲಿತ್ತು) ಮತ್ತು ಸಯಾಮ್, ಅಂದ್ರೆ ಈಗಿನ ಥೈಲ್ಯಾಂಡ್, ಒಪ್ಪಂದ ಮಾಡ್ಕೊಂಡ್ರು: ಮಳೆನೀರು ಎರಡು ಕಡೆಗೆ ಬೇರೆಯಾಗೋ ಏಣೇ ಗಡಿ ಅಂತ. ಮ್ಯಾಪ್ ಬರೆಯೋ ಕೆಲಸ ಸಯಾಮ್‌ನವರೇ ಫ್ರೆಂಚ್ ಅಧಿಕಾರಿಗಳಿಗೆ ಬಿಟ್ರು, 1908ರಲ್ಲಿ ಮ್ಯಾಪ್ ಕೈಗೆ ಬಂದಾಗ ಗೆರೆ ದೇವಸ್ಥಾನದ ಉತ್ತರಕ್ಕೆ ಹೋಗಿತ್ತು, ಅಂದ್ರೆ ದೇವಸ್ಥಾನ ಪೂರ್ತಿ ಕಾಂಬೋಡಿಯಾಗೆ. ಸಯಾಮ್ ತಕರಾರು ಎತ್ತಲಿಲ್ಲ, ಬದಲಿಗೆ ಸಯಾಮ್‌ನ ರಾಜಕುಮಾರ ಡಾಮ್ರಾಂಗ್ ಥ್ಯಾಂಕ್ಸ್ ಹೇಳಿ ಇನ್ನೂ 15 ಕಾಪಿ ಕೊಡಿ ಅಂತ ಕೇಳಿದ್ರು. 1930ರಲ್ಲಿ ಅವರೇ ಆ ದೇವಸ್ಥಾನಕ್ಕೆ ಹೋದಾಗ ಫ್ರೆಂಚ್ ಅಧಿಕಾರಿ ಫುಲ್ ಯೂನಿಫಾರ್ಮ್‌ನಲ್ಲಿ, ಫ್ರೆಂಚ್ ಬಾವುಟ ಹಾರಿಸ್ಕೊಂಡು ಸ್ವಾಗತ ಮಾಡ್ದ, ಆಗ್ಲೂ ಇವರು ಏನೂ ಅನ್ನಲಿಲ್ಲ.

ಕಾಂಬೋಡಿಯಾ ಸ್ವತಂತ್ರ ಆದ್ಮೇಲೆ, 1954ರಲ್ಲಿ ಥಾಯ್ ಸೈನಿಕರು ಅಲ್ಲಿ ಬಂದು ಕೂತ್ರು. ಕೇಸು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯ್ತು, 1962ರ ಜೂನ್ 15ಕ್ಕೆ 9-3ರಲ್ಲಿ ಕಾಂಬೋಡಿಯಾ ಪರ ತೀರ್ಪು. ನಮ್ಮೂರುಗಳಲ್ಲಿ ಹದ್ದುಬಸ್ತು ಮಾಡ್ಸಿ ಸ್ಕೆಚ್‌ಗೆ ಒಪ್ಕೊಂಡು ಐವತ್ತು ವರ್ಷ ಆದ್ಮೇಲೆ ಮೊಮ್ಮಗ ಬಂದು ಬದು ಸರಿಯಿಲ್ಲ ಅಂದ್ರೆ ಏನಾಗತ್ತೋ ಹಾಗೇ ಆಯ್ತು. ಥಾಯ್ ಸೈನಿಕರು ಜಾಗ ಬಿಡುವಾಗ ಬಾವುಟ ಇಳಿಸಲಿಲ್ಲ, ಕಂಬಾನೇ ಕಿತ್ತು, ಮೇಲೆ ಬಾವುಟ ಹಾರ್ತಿದ್ದ ಹಾಗೇ ನಿಲ್ಲಿಸ್ಕೊಂಡು ಹೊತ್ಕೊಂಡು ಹೋದ್ರು. ಅಲ್ಲಿನವರು ಇವತ್ತಿಗೂ ಮರೆತಿಲ್ಲ.

ನನ್ನ ಪ್ರಕಾರ ತೀರ್ಪು ಸರಿ. ಆದ್ರೆ ಥಾಯ್‌ಗಳ ನೋವು ಸುಳ್ಳಲ್ಲ, 1893ರಲ್ಲಿ ಫ್ರೆಂಚ್ ಯುದ್ಧನೌಕೆಗಳು ಬ್ಯಾಂಕಾಕ್‌ವರೆಗೂ ನುಗ್ಗಿದ್ದು ಅವರಿಗೆ ನೆನಪಿದೆ, ಅಂಥವರ ಎದುರು ಮ್ಯಾಪ್ ತಪ್ಪು ಅಂತ ಹೇಳೋಕೆ ಧೈರ್ಯ ಎಲ್ಲಿಂದ ಬರಬೇಕಿತ್ತು ಅಂತಾರೆ. ಕಾಂಬೋಡಿಯಾದವರನ್ನ ಕೇಳಿ, ಅವರ ಲೆಕ್ಕ ಇನ್ನೂ ಹಿಂದಕ್ಕೆ ಹೋಗತ್ತೆ: 15ನೇ ಶತಮಾನದಲ್ಲಿ ಅಯುತ್ತಾಯದ (ಹಳೇ ಥಾಯ್ ರಾಜ್ಯ) ಸೈನ್ಯ ಖ್ಮೇರ್ ರಾಜಧಾನಿ ಅಂಗ್‌ಕೋರ್ ಮೇಲೆ ಬಿದ್ದಿದ್ದು, ಈಗ ಕಾಂಬೋಡಿಯಾದಲ್ಲಿರೋ ಬಟ್ಟಂಬಾಂಗ್, ಸಿಯೆಮ್ ರೀಪ್ 1907ರವರೆಗೂ ಸಯಾಮ್ ಕೈಲಿದ್ದಿದ್ದು. "ಇತಿಹಾಸದ ಪ್ರಕಾರ ಯಾರದ್ದು" ಅಂತ ಕೇಳಿದ್ರಲ್ಲ, ಎಲ್ಲಿಂದ ಎಣಿಸ್ತೀರಿ ಅನ್ನೋದರ ಮೇಲೆ ಉತ್ತರ ಬದಲಾಗತ್ತೆ, ಇಬ್ಬರೂ ತಮಗೆ ಬೇಕಾದ ಇಸವಿಯಿಂದ ಎಣಿಸ್ತಾರೆ.

2008ರಲ್ಲಿ ಪ್ರೀಹ್ ವಿಹಾರ್ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ಮೇಲೆ ಸುತ್ತಲಿನ 4.6 ಚದರ ಕಿಲೋಮೀಟರ್‌ಗೆ ಗುಂಡು ಹಾರಿತು, 2013ರಲ್ಲಿ ಅದೇ ಕೋರ್ಟು ದೇವಸ್ಥಾನ ಇರೋ ಆ ದಿಬ್ಬವೂ ಕಾಂಬೋಡಿಯಾದ್ದು ಅಂತು. 2025ರ ಜುಲೈ 24ಕ್ಕೆ ಹೊತ್ಕೊಂಡಿದ್ದು ಇನ್ನೊಂದು ದೇವಸ್ಥಾನದ ಹತ್ರ, ತಾ ಮುಯೆನ್ ಥೋಮ್, ಒಳಗೆ ಉದ್ಭವ ಲಿಂಗ ಇದೆ. ಅಲ್ಲೂ ಮ್ಯಾಪೇ ತೊಂದರೆ. ಕಾಂಬೋಡಿಯಾ ಹಿಡ್ಕೊಂಡಿರೋದು ಫ್ರೆಂಚರ 1:2,00,000 ಸ್ಕೇಲಿನ ಮ್ಯಾಪ್, ಥೈಲ್ಯಾಂಡ್ ನೋಡೋದು ತನ್ನ 1:50,000ದ್ದು. ಮೊದಲನೇದರಲ್ಲಿ ಒಂದು ಮಿಲಿಮೀಟರ್ ಅಂದ್ರೆ ನೆಲದ ಮೇಲೆ 200 ಮೀಟರ್, ಪೆನ್ಸಿಲ್ ಗೆರೆಯ ದಪ್ಪದಲ್ಲೇ ಒಂದು ದೇವಸ್ಥಾನ ಆಚೆ ಈಚೆ ಆಗಿಬಿಡತ್ತೆ.

ನನಗೆ ಸಂಕಟ ಆಗೋದು ಗಡಿ ಜನಕ್ಕೆ. ಥೈಲ್ಯಾಂಡಿನ ಸುರಿನ್, ಸಿಸಾಕೆಟ್ ಕಡೆ ಲಕ್ಷಾಂತರ ಜನರ ಮನೆಮಾತು ಖ್ಮೇರ್, ಆ ಕಡೆಯವರದ್ದೂ ಅದೇ. ಜುಲೈನ ಆ ಐದು ದಿನದ ಕಾದಾಟದಲ್ಲಿ ಸಿಸಾಕೆಟ್‌ನ ಒಂದು ಪೆಟ್ರೋಲ್ ಬಂಕ್‌ನ ಅಂಗಡಿಗೆ ರಾಕೆಟ್ ಬಿದ್ದು ಸಾಮಾನು ತಗೊಳ್ತಿದ್ದವರು ಸತ್ರು, ಕಾಂಬೋಡಿಯಾದ ಕೂಲಿ ಕಾರ್ಮಿಕರು ಥೈಲ್ಯಾಂಡಿನ ಕೆಲಸ ಬಿಟ್ಟು ಲಕ್ಷಗಟ್ಟಲೆ ವಾಪಸ್ ಹೋದ್ರು. ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯ್ತು, ತಿಂಗಳ ಕೊನೆಗೆ ಮತ್ತೊಂದು ಕದನವಿರಾಮ.

ಈಗ ಕಾಂಬೋಡಿಯಾ ಮತ್ತೆ ಕೋರ್ಟಿಗೆ ಹೋಗೋಣ ಅನ್ನತ್ತೆ, ಥೈಲ್ಯಾಂಡ್ ಆ ಕೋರ್ಟಿನ ಅಧಿಕಾರಾನೇ ಒಪ್ಪಲ್ಲ, ಇಬ್ಬರೇ ಕೂತು ಮಾತಾಡೋಣ ಅನ್ನತ್ತೆ. ಅದಕ್ಕೆ ಜಂಟಿ ಗಡಿ ಆಯೋಗ ಅಂತ ಒಂದಿದೆ. ನ್ಯೂಸ್ ಫಾಲೋ ಮಾಡೋದಿದ್ರೆ ಎರಡೂ ಕಡೆ ನಾಯಕರ ಭಾಷಣ ಬಿಟ್ಟು ಆ ಆಯೋಗದ ಮೀಟಿಂಗ್‌ಗಳನ್ನ ನೋಡ್ತಿರಿ, ಗಡಿಕಲ್ಲು ನೆಡೋದು ಅವರೇ.