ಪ್ರಕರಣ: ‘ಆದ್ದರಿಂದ’ ಎಂಬ ಪದಕ್ಕೆ ಸೋಲುತ್ತಿದ್ದ ವಿದ್ಯಾರ್ಥಿನಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ಮುಗಿಸಿ, ಕಾನೂನು ಪದವಿಯ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್‌ಗೆ ಎರಡನೆಯ ಬಾರಿ ಸಿದ್ಧಳಾಗುತ್ತಿದ್ದ 19ರ ವಿದ್ಯಾರ್ಥಿನಿಯನ್ನು ಆಕೆಯ ತಂದೆ ಸಲಹೆಗೆಂದು ನನ್ನ ಬಳಿ ಕರೆತಂದರು. “ಮನೇಲಿ ಚೆನ್ನಾಗೇ ಓದ್ತಾಳೆ ಮೇಡಂ, ಪರೀಕ್ಷೆಗೆ ಕೂತರೆ ಹೆದರಿಬಿಡ್ತಾಳೆ” ಎಂಬುದು ಅವರ ದೂರು. ನಾನೂ ಮೊದಲ ಭೇಟಿಯಲ್ಲಿ ಇದನ್ನು ಪರೀಕ್ಷಾಭಯವೆಂದೇ ಬರೆದುಕೊಂಡೆ.

ಎರಡನೆಯ ಭೇಟಿಗೆ ಆಕೆ ಅಣಕು ಪರೀಕ್ಷೆಯ ಉತ್ತರಗಳನ್ನು ತಂದಾಗ ಆ ಬರಹವನ್ನು ತಿದ್ದಬೇಕಾಯಿತು. 120 ನಿಮಿಷಗಳಲ್ಲಿ 120 ಪ್ರಶ್ನೆ, ಪ್ರತಿ ತಪ್ಪಿಗೆ 0.25 ಅಂಕ ಕಡಿತ ಎಂಬ ಒತ್ತಡ ಎಲ್ಲ ವಿಭಾಗಗಳಿಗೂ ಒಂದೇ. ಆದರೆ ಆಕೆಯ ತಪ್ಪುಗಳು ತಾರ್ಕಿಕ ವಿಭಾಗದಲ್ಲಿ, ಅದರಲ್ಲೂ ‘ಲೇಖಕರ ಮುಖ್ಯ ತೀರ್ಮಾನ ಯಾವುದು’ ಎಂಬ ಪ್ರಶ್ನೆಗಳಲ್ಲಿ ಗುಂಪುಗೂಡಿದ್ದವು. ಭಯ ಇಷ್ಟು ಆಯ್ದು ಕಾಡುವುದಿಲ್ಲ. “ಎರಡು ಉತ್ತರದವರೆಗೂ ಬರ್ತೀನಿ ಮೇಡಂ, ಆಮೇಲೆ ತಪ್ಪಾದದ್ದನ್ನೇ ತುಂಬ್ತೀನಿ” ಎಂದಳು.

ನಾನು ಕನ್ನಡದಲ್ಲೇ ಒಂದು ಪುಟ್ಟ ವಾದ ಬರೆದುಕೊಟ್ಟು, ಅದರ ಮುಖ್ಯ ತೀರ್ಮಾನಕ್ಕೆ ಗೆರೆ ಎಳೆಯಲು ಹೇಳಿದೆ: ‘ಸುತ್ತ ಗೋಡೆ ಕಟ್ಟಿದರೆ ಕೆರೆ ಉಳಿಯುತ್ತದೆಂದು ಹಲವರು ನಂಬಿದ್ದಾರೆ. ಈ ನಂಬಿಕೆ ತಪ್ಪು. ಕಾಲುವೆ ಮುಚ್ಚಿಹೋದರೆ ಮಳೆನೀರು ಕೆರೆ ಸೇರುವುದಿಲ್ಲ. ಆದ್ದರಿಂದ ಗೋಡೆಯಿದ್ದ ಮಾತ್ರಕ್ಕೆ ಕೆರೆ ತುಂಬದು. ತುಂಬದ ಕೆರೆಯನ್ನು ಒತ್ತುವರಿ ನುಂಗುತ್ತದೆ.’

ಆಕೆ ತಡವರಿಸದೆ ‘ಆದ್ದರಿಂದ’ ಇದ್ದ ವಾಕ್ಯಕ್ಕೆ ಗೆರೆ ಎಳೆದಳು. ಸರಿಯುತ್ತರ ‘ಈ ನಂಬಿಕೆ ತಪ್ಪು’ ಎಂಬುದು, ಅಂದರೆ ಗೋಡೆಯಿಂದಲೇ ಕೆರೆ ಉಳಿಯದು ಎಂಬುದು. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದವಳು. ಕಾರಣಗಳನ್ನೆಲ್ಲ ಪೇರಿಸಿ, ಕೊನೆಗೆ ‘ಆದ್ದರಿಂದ’ ಎಂದು ದನಿಯೇರಿಸುವುದು ಅಲ್ಲಿನ ರೂಢಿ. ಇಂಗ್ಲಿಷ್ ಗದ್ಯಭಾಗಗಳ ಲೇಖಕರಾದರೋ ಅನೇಕ ವೇಳೆ ಎದುರು ಪಕ್ಷದ ಮಾತನ್ನು ಮೊದಲು ಹೇಳಿ, ಒಂದು ‘ಆದರೆ’ಯ ಬೆನ್ನಿಗೇ ತಮ್ಮ ತೀರ್ಮಾನವನ್ನು ಇಟ್ಟು, ಉಳಿದದ್ದನ್ನೆಲ್ಲ ಅದರ ಸಮರ್ಥನೆಗೆ ಬಳಸುತ್ತಾರೆ. ಇದು ನಮಗೆ ಹೊಸದೇನಲ್ಲ. ನಮ್ಮ ಪ್ರಾಚೀನ ತರ್ಕಪದ್ಧತಿಯಾದ ನ್ಯಾಯಶಾಸ್ತ್ರದ ಪಂಚಾವಯವದಲ್ಲಿ, ಅಂದರೆ ಐದು ಭಾಗಗಳ ವಾದಕ್ರಮದಲ್ಲಿ, ‘ಬೆಟ್ಟದಲ್ಲಿ ಬೆಂಕಿಯಿದೆ’ ಎಂಬ ಪ್ರತಿಜ್ಞೆ (ಸಾಧಿಸಬೇಕಾದ ಮಾತು) ಮೊದಲು, ‘ಹೊಗೆ ಇರುವುದರಿಂದ’ ಎಂಬ ಹೇತು (ಕಾರಣ) ಅನಂತರ. ಮೊದಲು ಹೇಳಿದ ಮಾತೇ ನಿಗಮನವಾಗಿ, ಅಂದರೆ ತೀರ್ಮಾನವಾಗಿ, ಕೊನೆಯಲ್ಲಿ ಮರಳುತ್ತದೆ. ಪರೀಕ್ಷೆಯ ಗದ್ಯದಲ್ಲಿ ಎಷ್ಟೋ ಸಲ ಆ ಮರಳುವಿಕೆ ಇರುವುದಿಲ್ಲ, ಅಷ್ಟೆ.

ನನ್ನ ಮುಖ್ಯ ಸಲಹೆ ಒಂದೇ ಆಗಿತ್ತು: ತೀರ್ಮಾನದಂತೆ ಕಾಣುವ ಎರಡು ವಾಕ್ಯಗಳ ನಡುವೆ ‘ಏಕೆಂದರೆ’ ಇಟ್ಟು, ಎರಡೂ ದಿಕ್ಕಿನಿಂದ ಓದಬೇಕು. ‘ಗೋಡೆಯಿಂದಲೇ ಕೆರೆ ಉಳಿಯದು, ಏಕೆಂದರೆ ಗೋಡೆಯಿಂದ ಕೆರೆ ತುಂಬದು’ ಎಂಬುದು ನಿಲ್ಲುತ್ತದೆ, ತಿರುಗಿಸಿದರೆ ಕುಸಿಯುತ್ತದೆ. ಹಾಗಾಗಿ ಆಕೆ ಗೆರೆ ಎಳೆದದ್ದು ಮಧ್ಯಂತರ ತೀರ್ಮಾನ: ಒಂದು ವಾಕ್ಯದಿಂದ ಆಧಾರ ಪಡೆದು, ಮುಖ್ಯ ತೀರ್ಮಾನಕ್ಕೆ ಆಧಾರ ಕೊಡುವಂಥದು. ಪ್ರಶ್ನೆ ರಚಿಸುವವರು ಆಯ್ಕೆಗಳಲ್ಲಿ ಇದನ್ನು ಇಡಲು ಮರೆಯುವುದು ಅಪರೂಪ. ‘ಕೆರೆ ಯೋಜನೆಗಳೆಲ್ಲ ವ್ಯರ್ಥ’ ಎಂಬಂತೆ ಹಿಗ್ಗಿಸಿದ ಆಯ್ಕೆಯೂ ಜೊತೆಗಿರುತ್ತದೆ.

ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಲೇಖಕರ ತೀರ್ಮಾನವನ್ನು ಮೊದಲು ಸ್ವಂತ ಕನ್ನಡ ವಾಕ್ಯದಲ್ಲಿ ಬರೆದು, ಆಮೇಲೆ ಉತ್ತರ ಹುಡುಕುವಂತೆ ದಿನಕ್ಕೆ ಒಂದು ಸಂಪಾದಕೀಯದ ಅಭ್ಯಾಸ ಕೊಟ್ಟೆ. ಪರೀಕ್ಷೆಯಲ್ಲಿ ಬರೆಯುವಷ್ಟು ಸಮಯ ಸಿಗದು. ಮನಸ್ಸಿನಲ್ಲೇ ಹೇಳಿಕೊಳ್ಳುವ ಮಟ್ಟಕ್ಕೆ ಬರುವವರೆಗೆ ಮಾತ್ರ ಬರೆಯಬೇಕೆಂದೂ ತಿಳಿಸಿದೆ. ತಂದೆಯವರಿಗೆ ಹೇಳಿದ್ದು ಚಿಕ್ಕದು: ಪ್ರತಿ ಸಂಜೆ ಅಂಕ ಕೇಳಬೇಡಿ, ಬೇಕಾದರೆ ಆ ದಿನದ ಸಂಪಾದಕೀಯ ಏನು ಹೇಳಿತೆಂದು ಕೇಳಿ.

ಆರು ವಾರಗಳ ನಂತರ ಬಂದಾಗ ಆಕೆಯ ತಪ್ಪುಗಳು ಕಡಿಮೆಯಾಗಿದ್ದವು, ನಿಂತಿರಲಿಲ್ಲ. ತನಗೆ ಒಪ್ಪಿಗೆಯಿಲ್ಲದ ವಾದ ಎದುರಾದಾಗ ಲೇಖಕರ ತೀರ್ಮಾನದ ಬದಲು ತನ್ನದನ್ನೇ ಗುರುತಿಸುತ್ತಿದ್ದಳು. ಮುಂದಿನ ತಿಂಗಳಿಗೆಂದು, ಆಕೆಗೆ ಸಿಟ್ಟು ತರಿಸುವ ಸಂಪಾದಕೀಯಗಳನ್ನೇ ಇಬ್ಬರೂ ಸೇರಿ ಆರಿಸಿದೆವು.