ಟೆಕ್ಸಾಸ್ ಕ್ರಾಂತಿಯನ್ನು (ಟೆಕ್ಸಾಸ್ ಮೆಕ್ಸಿಕೊದಿಂದ ಬೇರೆಯಾದ ಯುದ್ಧ) ವಾರ್‌ಗೇಮ್ ಆಗಿ, ಅಂದರೆ ದಾಳ ಹಾಕಿ ಆಡುವ ಯುದ್ಧದ ಆಟವಾಗಿ, ಆಡುವಾಗ ‘ಹೀಗಾಗಿದ್ದರೆ?’ ಎಂಬ ತಿರುವು ಎಲ್ಲಿಡಬೇಕು?

ಹೆಚ್ಚಿನವರು ಮೆಕ್ಸಿಕೊ ಸೇನೆ ಮುತ್ತಿಗೆ ಹಾಕಿ ಗೆದ್ದ ಅಲಾಮೊ ಕೋಟೆಯನ್ನೇ ಆರಿಸುತ್ತಾರೆ. ನಾನಾದರೆ 1836ರ ಏಪ್ರಿಲ್ 21ರ ಸ್ಯಾನ್ ಹಸಿಂಟೊ ಕದನ ಆರಿಸುತ್ತೇನೆ. ಅವತ್ತು ಮಧ್ಯಾಹ್ನ ಮೆಕ್ಸಿಕೊ ಸೈನಿಕರು ದಣಿದು ಮಲಗಿದ್ದರು. ಟೆಕ್ಸಾಸ್ ಸೇನಾನಿ ಹ್ಯೂಸ್ಟನ್‌ನ ಸುಮಾರು 900 ಜನ ಏಕಾಏಕಿ ಮೇಲೆ ಬಿದ್ದರು. ಸುಮಾರು 18 ನಿಮಿಷದಲ್ಲಿ ಎಲ್ಲ ಮುಗಿಯಿತು. ಮಾರನೇ ದಿನ ಮೆಕ್ಸಿಕೊ ಸೇನೆಯ ಮುಖ್ಯಸ್ಥ ಸಾಂಟಾ ಅನ್ನಾ ಸೆರೆ ಸಿಕ್ಕ.

ಇಲ್ಲಿ ಒಂದೇ ನಿಯಮ ಸೇರಿಸಿ: ದಾಳಿಗೆ ಮುಂಚೆ ಮೆಕ್ಸಿಕೊ ಆಟಗಾರ ದಾಳ ಹಾಕಲಿ. 4 ಅಥವಾ ಜಾಸ್ತಿ ಬಿದ್ದರೆ ಕಾವಲುಗಾರರು ಎಚ್ಚರವಾಗಿದ್ದಾರೆ.

ಇನ್ನೂ ಚೆನ್ನಾದ ತಿರುವು ಸಾಂಟಾ ಅನ್ನಾನ ಕೈಕೆಳಗಿನ ಸೇನಾನಿ ಫಿಲಿಸೋಲಾ. ಸೆರೆಯಾದ ಸಾಂಟಾ ಅನ್ನಾ ಹಿಂದೆ ಸರಿಯಲು ಆದೇಶ ಕಳಿಸಿದ, ಈತ ಪಾಲಿಸಿದ. ಪಾಲಿಸದಿದ್ದರೆ? ಅವನ ಹತ್ತಿರ ಹ್ಯೂಸ್ಟನ್‌ಗಿಂತ ದೊಡ್ಡ ಪಡೆಯೇ ಇತ್ತಲ್ವಾ! ಆದರೆ ಮಳೆ, ಕೆಸರು, ಆಹಾರದ ಕೊರತೆಗೆ ಅಂಕ ಕಳೆಯಲೇಬೇಕು. ಇಲ್ಲದಿದ್ದರೆ ಆಟ ಸುಮ್ನೆ ಮೆಕ್ಸಿಕೊ ಕಡೆ ವಾಲುತ್ತದೆ.